ಮ್ಯೂನಿಕ್‌ನ ಎರಡು ದಿನ: ನಾವು ನೋಡಿದ್ದು ಕೋಟೆಯೋ, ಅರಮನೆಯೋ?

ಲೆಕ್ಕ ಬರೆದವನು

ಸಾಲ್ಜ್‌ಬರ್ಗ್‌ನಲ್ಲಿ ಒಂದು ಸೆಮಿಸ್ಟರ್ ಓದಲು ಬಂದಿರುವ ನಾವು ಹತ್ತು ಮಂದಿ ವಿದ್ಯಾರ್ಥಿಗಳು ಮೇ ತಿಂಗಳ ಒಂದು ವಾರಾಂತ್ಯದಲ್ಲಿ ಗಡಿ ದಾಟಿ ಜರ್ಮನಿಯ ಮ್ಯೂನಿಕ್‌ಗೆ ಹೋಗಿಬಂದೆವು. ಖರ್ಚಿನ ಲೆಕ್ಕ ನನ್ನ ಪಾಲಿಗೆ ಬಂದಿತ್ತು, ಆದ್ದರಿಂದ ವರದಿ ಬರೆಯುವ ಕೆಲಸವೂ ನನ್ನ ಕೊರಳಿಗೇ ಬಿತ್ತು. ಆದರೆ ಬರೆಯಲು ಕುಳಿತಾಗ ವರದಿಗಿಂತ ಜಗಳವೇ ಹೆಚ್ಚು ನೆನಪಾಗುತ್ತಿದೆ.

ಜಗಳದ ಮೂಲ ಒಂದು ಟಿಕೆಟ್. ಬವೇರಿಯಾ ರಾಜ್ಯದ ಒಳಗೆ ಓಡುವ ಪ್ರಾದೇಶಿಕ ರೈಲುಗಳಿಗೆ ಬಯರ್ನ್ ಟಿಕೆಟ್ ಎಂಬ ಒಂದು ದಿನದ ಟಿಕೆಟ್ ಇದೆ. ಒಂದು ಟಿಕೆಟ್‌ನಲ್ಲಿ ಗರಿಷ್ಠ ಐದು ಜನ ಪ್ರಯಾಣಿಸಬಹುದು, ಮತ್ತು ಸಾಲ್ಜ್‌ಬರ್ಗ್ ಆಸ್ಟ್ರಿಯಾದಲ್ಲಿದ್ದರೂ ಅಲ್ಲಿನ ಮುಖ್ಯ ನಿಲ್ದಾಣದವರೆಗೆ ಅದು ನಡೆಯುತ್ತದೆ. ಹತ್ತು ಜನರಿಗೆ ದಿನಕ್ಕೆ ಎರಡು ಟಿಕೆಟ್ ಆಯಿತು. ಶನಿವಾರವೆಲ್ಲ ಒಟ್ಟಿಗೇ ನಗರ ಸುತ್ತಿದೆವು. ಭಾನುವಾರ ಯಾವ ಕೋಟೆಗೆ ಹೋಗಬೇಕೆಂಬ ಪ್ರಶ್ನೆ ಬಂದಾಗ ಐದು ಮಂದಿ ನಾಯ್‌ಶ್ವಾನ್‌ಸ್ಟೈನ್ ಎಂದರು, ಐದು ಮಂದಿ ಬುರ್ಗ್‌ಹೌಸನ್ ಎಂದರು. ಟಿಕೆಟ್ ಎರಡಿದ್ದುದರಿಂದ ಗುಂಪು ಸಲೀಸಾಗಿ ಇಬ್ಭಾಗವಾಯಿತು. ನಾನು ಬುರ್ಗ್‌ಹೌಸನ್ ಗುಂಪಿನಲ್ಲಿದ್ದೆ.

ಸೋಮವಾರ ವಸತಿಗೃಹದ ಅಡುಗೆಮನೆಯಲ್ಲಿ ಸೇರಿದಾಗ ನಾಯ್‌ಶ್ವಾನ್‌ಸ್ಟೈನ್‌ಗೆ ಹೋದವರು "ಜಗತ್ಪ್ರಸಿದ್ಧ ಕೋಟೆ ನೋಡಿದೆವು" ಎಂದರು. ನಮ್ಮಲ್ಲೊಬ್ಬ ತಟ್ಟನೆ "ಅದು ಕೋಟೆಯೇ ಅಲ್ಲ, ರಂಗಸಜ್ಜಿಕೆ" ಎಂದುಬಿಟ್ಟ. ಅಂದಿನಿಂದ ಮಾತು ನಿಂತಿಲ್ಲ. ಮುಂದಿನ ಸೆಮಿಸ್ಟರ್‌ನವರು ನಮ್ಮನ್ನೇ ಸಲಹೆ ಕೇಳುವವರಿದ್ದಾರೆ. ಅವರಿಗೆ ಯಾವುದನ್ನು ಹೇಳಬೇಕು ಎಂಬುದನ್ನು ಇಲ್ಲಿಯೇ ಚರ್ಚಿಸೋಣ ಎಂದು ಈ ಎಳೆಯನ್ನು ಆರಂಭಿಸಿದ್ದೇನೆ.

ಕಲ್ಲು-ಗಾರೆ

ನಾನು ವಾಸ್ತುಶಿಲ್ಪದ ವಿದ್ಯಾರ್ಥಿ, ಈ ಹತ್ತು ಜನರಲ್ಲಿ ಒಬ್ಬ. ಕೋಟೆಯ ಮಾತಿಗೆ ಹೋಗುವ ಮೊದಲು ಶನಿವಾರ ನಡೆದದ್ದನ್ನು ಹೇಳಬೇಕು, ಏಕೆಂದರೆ ಈ ಜಗಳಕ್ಕೆ ಬೇಕಾದ ಪಾಠ ಮರಿಯೆನ್‌ಪ್ಲಾಟ್ಜ್ ಚೌಕದಲ್ಲಿಯೇ ಇತ್ತು.

ನಾವು ಬೆಳಿಗ್ಗೆ 11ಕ್ಕೆ ಸರಿಯಾಗಿ ಅಲ್ಲಿ ನಿಂತಿದ್ದೆವು. ಹೊಸ ಪುರಭವನದ ಗೋಪುರದಲ್ಲಿ 43 ಗಂಟೆಗಳು ಮೊಳಗಿದವು, 32 ಬೊಂಬೆಗಳು ತಿರುಗತೊಡಗಿದವು. ಮೇಲಿನ ಅಂತಸ್ತಿನಲ್ಲಿ 1568ರಲ್ಲಿ ನಡೆದ ಡ್ಯೂಕ್ ಐದನೆಯ ವಿಲ್ಹೆಲ್ಮ್‌ನ ಮದುವೆಯ ಕಾಳಗದಾಟ, ಕೆಳಗೆ ಪೀಪಾಯಿ ಮಾಡುವವರ ಕುಣಿತ. ಚೂಪು ಕಮಾನು, ಕಲ್ಲಿನ ಜಾಲರಿ, ಕಪ್ಪು ಹಿಡಿದ ಗೋಡೆ ನೋಡಿ ನಮ್ಮಲ್ಲಿ ಎಂಟು ಜನ ಆ ಕಟ್ಟಡ ಐನೂರು ವರ್ಷ ಹಳೆಯದಿರಬೇಕೆಂದರು. ಅದರ ಕೆಲಸ ಆರಂಭವಾದದ್ದು 1867ರಲ್ಲಿ, ಮುಗಿದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಅಲ್ಲಿಂದ ಮೂರು ನಿಮಿಷ ನಡೆದರೆ ಸಿಗುವ ಫ್ರೌಎನ್‌ಕಿರ್ಖೆ ಚರ್ಚು ನಿಜವಾದ ಗೋಥಿಕ್, ಅಂದರೆ ಮಧ್ಯಯುಗದ ಶೈಲಿಯ ಕಟ್ಟಡ. 1468ರಲ್ಲಿ ತಳಪಾಯ ಹಾಕಿ ಇಪ್ಪತ್ತು ವರ್ಷಗಳಲ್ಲಿ ಕಟ್ಟಿದ್ದು, ಬರೀ ಇಟ್ಟಿಗೆಯ ಮೈ, ಅಲಂಕಾರವೇ ಇಲ್ಲವೆನ್ನಬೇಕು. ಅದನ್ನು ನೋಡಿದವರು "ಇದು ಹೊಸದಿರಬೇಕು" ಎಂದರು.

ಹಳೆಯದು ಸಾದಾ ಆಗಿದೆ, ಹಳೆಯದರ ಹಾಗೆ ಕಾಣಲೆಂದು ಕಟ್ಟಿದ್ದು ಅತಿಯಾಗಿ ಹಳೆಯದರಂತೆ ಕಾಣುತ್ತದೆ. ನಾಯ್‌ಶ್ವಾನ್‌ಸ್ಟೈನ್‌ಗೆ ಶಂಕುಸ್ಥಾಪನೆಯಾದದ್ದು 1869ರ ಸೆಪ್ಟೆಂಬರ್ 5ರಂದು, ಅಂದರೆ ಈ ಪುರಭವನದ ಕೆಲಸ ಶುರುವಾದ ಎರಡು ವರ್ಷಕ್ಕೆ. ಎರಡೂ ಒಂದೇ ಕಾಲದ ಕನಸಿನ ಮಕ್ಕಳು. ಪುರಭವನವನ್ನು ಯಾರೂ ನಕಲಿ ಎಂದು ಜರೆಯದಿರುವಾಗ ನಾಯ್‌ಶ್ವಾನ್‌ಸ್ಟೈನ್ ಒಂದನ್ನೇ ಏಕೆ ಜರೆಯಬೇಕು ಎಂಬುದು ನನ್ನ ಪ್ರಶ್ನೆ.

ಸೇತುವೆಯ ಮೇಲೆ ನಿಂತವಳು

ನಾನು ನಾಯ್‌ಶ್ವಾನ್‌ಸ್ಟೈನ್‌ಗೆ ಹೋದ ಐವರಲ್ಲಿ ಒಬ್ಬಳು, ಆದರೆ ಒಳಗೆ ಹೋಗಲಾಗದ ಇಬ್ಬರಲ್ಲಿಯೂ ಒಬ್ಬಳು. ತಪ್ಪು ನಮ್ಮದೇ ಆದ್ದರಿಂದ ಮುಚ್ಚಿಡುವುದಿಲ್ಲ. ಮ್ಯೂನಿಕ್‌ನಿಂದ ಫ್ಯೂಸೆನ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ, ಅಲ್ಲಿಂದ ಹೋಹೆನ್‌ಶ್ವಾಂಗೌ ಹಳ್ಳಿಗೆ ಬಸ್ಸು, ಹಳ್ಳಿಯಿಂದ ಕಟ್ಟಡದವರೆಗೆ ಕಡಿದಾದ ಏರುದಾರಿಯಲ್ಲಿ ಮುಕ್ಕಾಲು ಗಂಟೆಯ ನಡಿಗೆ. ಪ್ರವೇಶಕ್ಕೆ ಇಂಥದೇ ನಿಮಿಷವೆಂದು ಟಿಕೆಟ್‌ನಲ್ಲಿ ನಮೂದಿಸಿರುತ್ತಾರೆ. ನಾವಿಬ್ಬರು ಚಿತ್ರ ತೆಗೆಯುವ ಆಸೆಗೆ ಮೊದಲು ಮರಿಯೆನ್ ಸೇತುವೆಗೆ ಹೋದೆವು. ಪೊಲ್ಲಾಟ್ ಕಮರಿಯ ಮೇಲೆ ತೊಂಬತ್ತು ಮೀಟರ್ ಎತ್ತರದಲ್ಲಿರುವ ಆ ಸೇತುವೆಯ ಮೇಲೆ ಕಾಲಿಡಲು ಸರದಿ, ನಿಲ್ಲಲು ಸರದಿ, ಮರಳಿ ಬರಲೂ ಸರದಿ. ಕೆಳಗೆ ಇಳಿದು ಬಾಗಿಲಿಗೆ ಬರುವಷ್ಟರಲ್ಲಿ ನಮ್ಮ ಸಮಯ ಮೀರಿ ಹನ್ನೆರಡು ನಿಮಿಷವಾಗಿತ್ತು. ಗೇಟು ಹಸಿರಾಗಲಿಲ್ಲ. ಬೇಡಿಕೊಂಡರೂ ಪ್ರಯೋಜನವಾಗಲಿಲ್ಲ.

ಉಳಿದ ಮೂವರು ಒಳಗೆ ಸುತ್ತುವವರೆಗೆ ನಾವು ಅಂಗಳದಲ್ಲಿ ಕುಳಿತೆವು. ಮೇಲಿನ ಅಂಗಳದ ಹಾಸುಗಲ್ಲಿನಲ್ಲಿ ಏನೋ ಒಂದು ಆಕಾರ ಎಳೆದಂತಿರುವುದು ಆಗ ಕಣ್ಣಿಗೆ ಬಿತ್ತು. ಮೊದಲು ನೀರು ಹರಿಯುವ ಕಾಲುವೆಯ ಗುರುತೆಂದುಕೊಂಡೆ. ಹೆಜ್ಜೆ ಇಡುತ್ತ ಆ ಗೆರೆಯ ಮೇಲೆಯೇ ಒಂದು ಸುತ್ತು ಬಂದಾಗ ಅದು ಕಟ್ಟಡವೊಂದರ ತಳವಿನ್ಯಾಸವೆಂದು ತಿಳಿಯಿತು. ಅಲ್ಲಿ 90 ಮೀಟರ್ ಎತ್ತರದ ನಡುಬುರುಜು ಮತ್ತು ಅದರೊಳಗೆ ಒಂದು ಪ್ರಾರ್ಥನಾಮಂದಿರ ಏಳಬೇಕಿತ್ತು. ಏಳಲಿಲ್ಲ. ಕೋಟೆಗೆ ನಡುಬುರುಜೇ ಪ್ರಾಣ, ಶತ್ರು ಎಲ್ಲ ಬಾಗಿಲು ಮುರಿದು ಬಂದ ಮೇಲೆ ಕೊನೆಯದಾಗಿ ಆಶ್ರಯ ಪಡೆಯುವ ಜಾಗ ಅದು. ಇಲ್ಲಿ ಆ ಪ್ರಾಣ ನೆಲದ ಮೇಲಿನ ಒಂದು ಗೆರೆಯಾಗಿ ಉಳಿದಿದೆ, ಪ್ರವಾಸಿಗರು ಅದರ ಮೇಲೆ ನಿಂತು ನೀರು ಕುಡಿಯುತ್ತಿದ್ದಾರೆ. ಒಳಗೆ ಹೋದ ಮೂವರಿಗೆ ಈ ಗೆರೆ ಕಾಣಲೇ ಇಲ್ಲ ಎಂಬುದು ನನ್ನ ಸಣ್ಣ ಸಮಾಧಾನ.

ಒಳಗೆ ಹೋದವರಲ್ಲೊಬ್ಬ

ಸೇತುವೆಯವರ ಸಮಾಧಾನವನ್ನು ಕಸಿಯುವ ಉದ್ದೇಶ ನನಗಿಲ್ಲ, ಆದರೆ ಒಳಗೆ ಏನಿದೆ ಎಂಬುದನ್ನು ಹೇಳದೆ ಈ ಚರ್ಚೆ ಪೂರ್ಣವಾಗದು. ಸುತ್ತಾಟ ಅರ್ಧ ಗಂಟೆಯದು, ಚಿತ್ರ ತೆಗೆಯಲು ಅನುಮತಿಯಿಲ್ಲ, ಆದ್ದರಿಂದ ಕಣ್ಣಿನಲ್ಲಿ ತುಂಬಿಕೊಂಡದ್ದಷ್ಟೇ ಉಳಿದಿದೆ.

ಸಿಂಹಾಸನದ ಸಭಾಂಗಣ ಎರಡು ಅಂತಸ್ತಿನಷ್ಟು ಎತ್ತರವಿದ್ದು, ಬೈಜಾಂಟಿನ್ ಚರ್ಚಿನ ಮಾದರಿಯಲ್ಲಿದೆ. ಕಿರೀಟದ ಆಕಾರದ ತೂಗುದೀಪ, ಪ್ರಾಣಿ-ಸಸ್ಯಗಳ ಚಿತ್ರವಿರುವ ಮೊಸಾಯಿಕ್ ನೆಲ, ಮೇಲೇರುವ ಅಮೃತಶಿಲೆಯ ಮೆಟ್ಟಿಲು. ಮೆಟ್ಟಿಲ ತುದಿಯಲ್ಲಿ ಸಿಂಹಾಸನವೇ ಇಲ್ಲ. ಅದನ್ನು ಮಾಡಿಸುವ ಮೊದಲೇ ಇದನ್ನು ಕಟ್ಟಿಸಿದ ಬವೇರಿಯಾದ ರಾಜ ಎರಡನೆಯ ಲುಡ್ವಿಗ್ ತೀರಿಕೊಂಡ. ಅಷ್ಟು ದೊಡ್ಡ ಕಮಾನುಗಳನ್ನು ಹೊತ್ತಿರುವುದು ಕಲ್ಲಲ್ಲ, ಒಳಗೆ ಅಡಗಿಸಿದ ಉಕ್ಕಿನ ಚೌಕಟ್ಟು ಎಂದು ವಿವರಿಸಿದರು. ಹೊರಗಿನ ಬಿಳಿ ಸುಣ್ಣಕಲ್ಲು ಕೂಡ ಇಟ್ಟಿಗೆ ಗೋಡೆಗೆ ಹೊದಿಸಿದ ಹೊದಿಕೆ. ಬಿಸಿಗಾಳಿಯಿಂದ ಇಡೀ ಕಟ್ಟಡವನ್ನು ಬೆಚ್ಚಗಿಡುವ ವ್ಯವಸ್ಥೆ, ಪ್ರತಿ ಅಂತಸ್ತಿಗೂ ಹರಿಯುವ ನೀರು, ಸೇವಕರನ್ನು ಕರೆಯಲು ವಿದ್ಯುತ್ ಗಂಟೆ, ಊಟವನ್ನು ಮೇಲಕ್ಕೆ ಕಳಿಸುವ ಲಿಫ್ಟ್, ಎರಡು ಅಂತಸ್ತುಗಳಲ್ಲಿ ದೂರವಾಣಿ, ಇವೆಲ್ಲ 1880ರ ದಶಕದಲ್ಲಿ!

ಹೀಗಾಗಿ ಅದನ್ನು "ಹಳೆಯ ಕೋಟೆಯ ನಕಲು" ಎನ್ನುವವರು ಅದನ್ನು ಸರಿಯಾಗಿ ನೋಡಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ತನ್ನ ಕಾಲದ ಅತ್ಯಾಧುನಿಕ ಮನೆ, ಮೇಲೆ ಹಳೆಯ ಕಾಲದ ಪೋಷಾಕು ತೊಟ್ಟಿದೆ, ಅಷ್ಟೆ.

ಲೆಕ್ಕ ಬರೆದವನು

"ಪೋಷಾಕು" ಎಂಬ ಮಾತನ್ನು ನೀವೇ ಆಡಿದಿರಿ, ನಾನು ಆಡಲಿಲ್ಲ. ನಮ್ಮ ಭಾಷೆಯಲ್ಲಿ ಕೋಟೆ ಬೇರೆ, ಅರಮನೆ ಬೇರೆ. ಜರ್ಮನ್ ಭಾಷೆಯಲ್ಲಿಯೂ ಈ ಭೇದ ಖಚಿತವಾಗಿದೆ: ಕಾದಾಟಕ್ಕೆ ಕಟ್ಟಿದ್ದು ಬುರ್ಗ್, ವಾಸ ಮತ್ತು ವೈಭವಕ್ಕೆ ಕಟ್ಟಿದ್ದು ಶ್ಲೋಸ್. ನಾಯ್‌ಶ್ವಾನ್‌ಸ್ಟೈನ್‌ನ ಅಧಿಕೃತ ಹೆಸರಿನಲ್ಲಿ ಇರುವುದು ಶ್ಲೋಸ್. ಇಂಗ್ಲಿಷ್‌ನಲ್ಲಿ ಎರಡಕ್ಕೂ ಕ್ಯಾಸಲ್ ಎಂಬ ಒಂದೇ ಮಾತನ್ನು ಬಳಸಿ ಕಲಸುಮೇಲೋಗರ ಮಾಡಿದ್ದಾರೆ, ನಾವು ಆ ಇಂಗ್ಲಿಷ್ ಫಲಕ ಓದಿ "ಕೋಟೆ" ಎಂದುಕೊಂಡು ಹೊರಡುತ್ತೇವೆ.

ಈಗ ಬುರ್ಗ್‌ಹೌಸನ್ ಬಗ್ಗೆ. ನಾವು ಮ್ಯೂನಿಕ್‌ನಿಂದ ಹೊರಟು ಮ್ಯೂಲ್‌ಡೋರ್ಫ್‌ನಲ್ಲಿ ರೈಲು ಬದಲಿಸಿದೆವು. ಬುರ್ಗ್‌ಹೌಸನ್ ನಿಲ್ದಾಣ ಹೊಸ ಊರಿನ ಕಡೆಗಿದೆ. ಅಲ್ಲಿಂದ ನಡೆಯುತ್ತ ಬಂದರೆ ದೊಡ್ಡ ದ್ವಾರವೇನೂ ಎದುರಾಗುವುದಿಲ್ಲ, ಬೀದಿಯೇ ಮೆಲ್ಲನೆ ಕೋಟೆಯೊಳಗೆ ಸರಿದುಹೋಗುತ್ತದೆ. ನಮ್ಮಲ್ಲೊಬ್ಬ "ಕೋಟೆ ಎಲ್ಲಿ?" ಎಂದು ಕೇಳಿದಾಗ ನಾವಾಗಲೇ ಅದರ ಒಳಗೆ ನೂರು ಹೆಜ್ಜೆ ಬಂದಿದ್ದೆವು. ಸಾಲ್ಜಾಖ್ ನದಿಯ ಮೇಲಿನ ಕಿರಿದಾದ ದಿಣ್ಣೆಯ ಬೆನ್ನಿನುದ್ದಕ್ಕೂ 1,051 ಮೀಟರ್ ಚಾಚಿಕೊಂಡಿರುವ ಅದು ಜಗತ್ತಿನ ಅತಿ ಉದ್ದದ ಕೋಟೆ ಎಂದು ದಾಖಲಾಗಿದೆ. ಒಂದರ ಹಿಂದೆ ಒಂದರಂತೆ ಆರು ಅಂಗಳಗಳು. ಎಲ್ಲಕ್ಕೂ ಕೊನೆಗೆ, ದಕ್ಷಿಣದ ತುದಿಯಲ್ಲಿ ಮೂಲಕೋಟೆ.

ಆ ವಿನ್ಯಾಸದ ಜಾಣತನ ನಡೆದಾಗಲೇ ತಿಳಿಯುವಂಥದು. ಎರಡು ಪಕ್ಕಗಳಲ್ಲಿಯೂ ಕಡಿದಾದ ಇಳಿಜಾರು, ಒಂದು ಕಡೆ ನದಿ, ಇನ್ನೊಂದು ಕಡೆ ವೋರ್‌ಜೇ ಎಂಬ ಕೆರೆ. ಆದ್ದರಿಂದ ಶತ್ರು ಉತ್ತರದಿಂದಲೇ ಬರಬೇಕು, ಬಂದರೆ ಒಂದೊಂದು ಅಂಗಳವನ್ನೂ ಬೇರೆ ಬೇರೆ ಕೋಟೆಯಂತೆ ಗೆಲ್ಲಬೇಕು. ಪ್ರತಿ ಅಂಗಳಕ್ಕೂ ಬಾಗಿಲು, ಒಳಗೆ ಹೋದಂತೆ ಕಂದಕ, ಅದರಾಚೆ ಮತ್ತೆ ಗೋಡೆ. ಕೊನೆಯ ಕಂದಕದ ಮೇಲಿನ ಸೇತುವೆ ದಾಟುವಾಗ ನಾನು ಹಿಂತಿರುಗಿ ನೋಡಿದೆ. ನಾವು ಬಂದ ದಾರಿಯಷ್ಟೂ ಮೂಲಕೋಟೆಯ ಗುಂಡುಗಂಡಿಗಳ ನೇರದಲ್ಲಿತ್ತು. ನಾವು ಹರಟುತ್ತ ನಡೆದ ಒಂದು ಕಿಲೋಮೀಟರ್‌ನಲ್ಲಿ ಅದೆಷ್ಟು ಸಲ ಸತ್ತಿರುತ್ತಿದ್ದೆವೋ!

ಇದನ್ನು ಬೆಳೆಸಿದವರು ಲೋವರ್ ಬವೇರಿಯಾದ ವಿಟೆಲ್ಸ್‌ಬಾಖ್ ವಂಶದ ಡ್ಯೂಕ್‌ಗಳು. ಅವರ ಸಂಪತ್ತು ಎಷ್ಟಿತ್ತೆಂದರೆ ಇತಿಹಾಸದಲ್ಲಿ "ಶ್ರೀಮಂತ ಡ್ಯೂಕ್‌ಗಳು" ಎಂದೇ ಅವರನ್ನು ಕರೆಯುತ್ತಾರೆ. ಕೊನೆಯವನಾದ ಜಾರ್ಜ್ ತುರ್ಕರ ದಾಳಿಯ ಭೀತಿಯಿಂದ ಕೋಟೆಯನ್ನು ಬಲಪಡಿಸಿದ. ಅವನ ಹೆಂಡತಿ ಹೆಡ್ವಿಗ್ ಪೋಲೆಂಡಿನ ರಾಜಕುಮಾರಿ. 1475ರಲ್ಲಿ ಲ್ಯಾಂಡ್ಸ್‌ಹೂಟ್‌ನಲ್ಲಿ ನಡೆದ ಅವರ ಮದುವೆಯನ್ನು ಇಂದಿಗೂ ಆ ಊರಿನವರು ನಾಲ್ಕು ವರ್ಷಕ್ಕೊಮ್ಮೆ ವೇಷ ಕಟ್ಟಿ ಆಚರಿಸುತ್ತಾರೆ. ಮದುವೆಯ ನಂತರ ಆಕೆ ಬದುಕಿದ್ದು ಈ ಬುರ್ಗ್‌ಹೌಸನ್‌ನಲ್ಲಿ, 1502ರಲ್ಲಿ ಸತ್ತದ್ದೂ ಇಲ್ಲಿಯೇ. ಮದುವೆಯ ಊರು ಹಬ್ಬ ಮಾಡುತ್ತದೆ, ಬದುಕಿದ ಊರಿನಲ್ಲಿ ಆಕೆಯ ಹೆಸರಿನ ಒಂದು ಪುಟ್ಟ ಪ್ರಾರ್ಥನಾಮಂದಿರವಿದೆ.

ಅಂಗಳಗಳಿಗೆ ಪ್ರವೇಶ ಶುಲ್ಕವಿಲ್ಲ, ಸಮಯದ ನಿರ್ಬಂಧವಿಲ್ಲ. ಹೊರ ಅಂಗಳಗಳ ಹಳೆಯ ಮನೆಗಳಲ್ಲಿ ಈಗಲೂ ಜನರು ಬಾಡಿಗೆಗಿದ್ದಾರೆ. ಒಂದು ಬುರುಜಿನ ಕಿಟಕಿಯಲ್ಲಿ ಯಾರದೋ ಒದ್ದೆ ಟವೆಲ್ ಒಣಗುತ್ತಿತ್ತು, ಕೆಳಗೆ ಸೈಕಲ್ಲು ಒರಗಿಸಿತ್ತು. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಹಿಡಿಸಿದ ದೃಶ್ಯ ಅದು.

ದಾಖಲೆ ಓದುವವಳು

ನಾನು ಈ ಗುಂಪಿನವಳಲ್ಲ, ಇತಿಹಾಸ ಓದುತ್ತಿರುವವಳು. ಎರಡೂ ಕಟ್ಟಡಗಳು ಒಂದೇ ವಂಶದವು ಎಂಬುದನ್ನು ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾಯ್‌ಶ್ವಾನ್‌ಸ್ಟೈನ್ ಕಟ್ಟಿಸಿದ ಎರಡನೆಯ ಲುಡ್ವಿಗ್ ಕೂಡ ವಿಟೆಲ್ಸ್‌ಬಾಖ್. ಅವನು 1864ರಲ್ಲಿ, ಹದಿನೆಂಟರ ಹರೆಯದಲ್ಲಿ ರಾಜನಾದ. ಎರಡೇ ವರ್ಷಕ್ಕೆ, 1866ರಲ್ಲಿ, ಆಸ್ಟ್ರಿಯಾದ ಪಕ್ಷ ವಹಿಸಿದ, ಆಗ ಪ್ರತ್ಯೇಕ ರಾಜ್ಯವಾಗಿದ್ದ ಬವೇರಿಯಾ ಉತ್ತರದ ಪ್ರಬಲ ಜರ್ಮನ್ ರಾಜ್ಯವಾದ ಪ್ರಷ್ಯಾದ ಎದುರು ಸೋತು, ಯುದ್ಧ ಬಂದರೆ ತನ್ನ ಸೇನೆಯನ್ನು ಪ್ರಷ್ಯಾದ ಅಧೀನಕ್ಕೆ ಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಅಂದರೆ ಹೆಸರಿಗೆ ರಾಜ, ಯುದ್ಧ ಹೂಡುವ ಅಧಿಕಾರ ಕೈಯಲ್ಲಿಲ್ಲ. ಮರುವರ್ಷವೇ ಅವನು ವಾರ್ಟ್‌ಬುರ್ಗ್ ಕೋಟೆಯನ್ನು ನೋಡಿಬಂದು ತನ್ನದೇ ಒಂದು ಮಧ್ಯಯುಗವನ್ನು ಕಟ್ಟಲು ಯೋಚಿಸತೊಡಗಿದ. ಅದರ ಮೊದಲ ಚಿತ್ರಗಳನ್ನು ಬರೆದವನು ಕ್ರಿಸ್ಟಿಯಾನ್ ಯಾಂಕ್, ನಾಟಕಶಾಲೆಯ ದೃಶ್ಯ ಬಿಡಿಸುವ ಕಲಾವಿದ. ಆದ್ದರಿಂದ "ರಂಗಸಜ್ಜಿಕೆ" ಎಂದವರ ಮಾತು ಬೈಗುಳವಾಗಿ ಕೇಳಿದರೂ ಅಕ್ಷರಶಃ ಸತ್ಯ.

ರಾಜ್ಯದ ಬೊಕ್ಕಸವನ್ನು ಬರಿದು ಮಾಡಿದ ಎಂಬ ಮಾತನ್ನು ಅನೇಕರು ಹೇಳುತ್ತಾರೆ. ಅವನು ಖರ್ಚು ಮಾಡಿದ್ದು ತನ್ನ ಸ್ವಂತ ಪಾಲಿನ ಹಣ ಮತ್ತು ಸಾಲ. ಸಾಲ ತೀರಿಸಲಾಗದ ಮಟ್ಟಕ್ಕೆ ಬೆಳೆದಾಗ 1886ರ ಜೂನ್‌ನಲ್ಲಿ ಮಂತ್ರಿಗಳು ಅವನನ್ನು ಮಾನಸಿಕವಾಗಿ ಅಸಮರ್ಥನೆಂದು ಘೋಷಿಸಿ, ಅದೇ ನಾಯ್‌ಶ್ವಾನ್‌ಸ್ಟೈನ್‌ನಿಂದ ಹಿಡಿದೊಯ್ದರು. ಜೂನ್ 13ರಂದು ಅವನೂ ಅವನ ಸ್ಥಿತಿಯ ವರದಿ ಬರೆದ ವೈದ್ಯ ಗುಡ್ಡೆನ್ ಕೂಡ ಸ್ಟಾರ್ನ್‌ಬೆರ್ಗ್ ಸರೋವರದಲ್ಲಿ ಹೆಣವಾಗಿ ಸಿಕ್ಕರು. ಆಗಸ್ಟ್ 1ರಂದು ಕಟ್ಟಡವನ್ನು ದುಡ್ಡು ಪಡೆದು ಸಾರ್ವಜನಿಕರಿಗೆ ತೆರೆಯಲಾಯಿತು, ಅಂದರೆ ಏಳು ವಾರದೊಳಗೆ. ಯಾರನ್ನೂ ಒಳಗೆ ಬಿಡಬಾರದೆಂದು ಕಟ್ಟಿಸಿಕೊಂಡವನ ಮನೆಗೆ ಈಗ ವರ್ಷಕ್ಕೆ ಸುಮಾರು 14 ಲಕ್ಷ ಜನ ಬರುತ್ತಾರೆ. 2025ರ ಜುಲೈಯಲ್ಲಿ ಲುಡ್ವಿಗ್‌ನ ಅರಮನೆಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೂ ಸೇರಿದವು.

ಕಲ್ಲು-ಗಾರೆ

ದಾಖಲೆಯವರಿಗೆ ಧನ್ಯವಾದ. ಲೆಕ್ಕ ಬರೆದವರು "ನಿಜವಾದ ಹಳೆಯದು" ಎಂಬುದಕ್ಕೆ ಹೆಚ್ಚು ಬೆಲೆ ಕೊಡುತ್ತಿರುವುದರಿಂದ ಒಂದು ತೊಡಕನ್ನು ಮುಂದಿಡುತ್ತೇನೆ. ಶನಿವಾರ ಮಧ್ಯಾಹ್ನ ನಾವೆಲ್ಲ ಮೆಚ್ಚಿ ನೋಡಿದ ರೆಸಿಡೆನ್ಜ್ ಅರಮನೆಯನ್ನು ನೆನಪಿಸಿಕೊಳ್ಳಿ. 1385ರಲ್ಲಿ ಊರಿನ ಅಂಚಿನಲ್ಲಿ ನೀರಿನ ಕಂದಕವಿರುವ ಕೋಟೆಯಾಗಿ ಹುಟ್ಟಿದ್ದು, ಕಾಲಕ್ರಮದಲ್ಲಿ ಅರಮನೆಯಾಗಿ ಮಾರ್ಪಟ್ಟಿತು. ಕೋಟೆ-ಅರಮನೆಗಳ ನಡುವಿನ ನಿಮ್ಮ ಖಚಿತ ಗೆರೆ ಅಲ್ಲಿಯೇ ಅಳಿಸಿಹೋಗುತ್ತದೆ. ಇನ್ನು ಹಳೆಯದು ಎಂಬ ಮಾತು. 66 ಮೀಟರ್ ಉದ್ದದ ಆಂಟಿಕ್ವಾರಿಯಂ ಸಭಾಂಗಣದಲ್ಲಿ ನೀವು ಕತ್ತೆತ್ತಿ ಚಾವಣಿಯ ಚಿತ್ರಗಳನ್ನು ನೋಡುತ್ತ ನಿಂತಿದ್ದಿರಲ್ಲ, ಆ ರೆಸಿಡೆನ್ಜ್ ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಬಹುಪಾಲು ಉರಿದುಹೋಗಿತ್ತು. ಈಗ ಇರುವುದರಲ್ಲಿ ದಶಕಗಳ ಕಾಲ ಮತ್ತೆ ಕಟ್ಟಿದ ಭಾಗ ದೊಡ್ಡದು. ಫ್ರೌಎನ್‌ಕಿರ್ಖೆಯ ಚಾವಣಿಯದೂ ಅದೇ ಕಥೆ. ಹೀಗಿರುವಾಗ ನಾಯ್‌ಶ್ವಾನ್‌ಸ್ಟೈನ್‌ನ ಒಳಗಿರುವ ಕೋಣೆಗಳು ರಾಜ ಬಿಟ್ಟುಹೋದ ಸ್ಥಿತಿಯಲ್ಲಿಯೇ ಉಳಿದಿವೆ. ವಯಸ್ಸಿನಲ್ಲಿ ಚಿಕ್ಕದಾದರೂ ಅದರ ಕಲ್ಲು ಅದರದೇ.

ಲೆಕ್ಕ ಬರೆದವನು

ಒಪ್ಪಿದೆ, ಹಳೆಯದೆಂಬ ನನ್ನ ವಾದವನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಕೋಟೆ ಎಂಬ ಮಾತನ್ನು ಬಿಟ್ಟುಕೊಡುವುದಿಲ್ಲ. ರೆಸಿಡೆನ್ಜ್ ಒಮ್ಮೆ ಕೋಟೆಯಾಗಿದ್ದುದು ಭಯದಿಂದ, ಬುರ್ಗ್‌ಹೌಸನ್ ಬೆಳೆದದ್ದೂ ಭಯದಿಂದ. ಗೋಡೆಯ ದಪ್ಪ, ಬಾಗಿಲಿನ ಅಗಲ, ದಾರಿಯ ತಿರುವು ಎಲ್ಲವನ್ನೂ ಅಲ್ಲಿ ನಿರ್ಧರಿಸಿದ್ದು ಯಾರೋ ಬರುತ್ತಾರೆಂಬ ಭಯ. ಲುಡ್ವಿಗ್ ಕಟ್ಟಿದ ಕಾಲಕ್ಕೆ ಫಿರಂಗಿಯ ಮುಂದೆ ಕಲ್ಲುಗೋಡೆಗೆ ಅರ್ಥವಿರಲಿಲ್ಲ, ಅವನಿಗೆ ಬೇಕಾಗಿದ್ದುದೂ ಅದಲ್ಲ. ಎರಡನ್ನೂ ನೋಡುವ ಅವಕಾಶವಿರುವವರು ಬುರ್ಗ್‌ಹೌಸನ್ ಅನ್ನು ಮೊದಲು ನೋಡಲಿ. ಆಗ ನಾಯ್‌ಶ್ವಾನ್‌ಸ್ಟೈನ್‌ನ ಅಂಗಳದ ಆ ಗೆರೆ ತಾನಾಗಿ ಅವರ ಕಣ್ಣಿಗೆ ಬೀಳುತ್ತದೆ, ಪ್ರವೇಶ ತಪ್ಪಿಸಿಕೊಳ್ಳಬೇಕಾಗಿಲ್ಲ.

ಮುಂದಿನ ಸೆಮಿಸ್ಟರ್‌ನವಳು

ಸಲಹೆ ಕೇಳಲಿರುವವರಲ್ಲಿ ನಾನೂ ಒಬ್ಬಳು. ನಾವು ಏಳು ಜನ ಇದ್ದೇವೆ, ಡಿಸೆಂಬರ್‌ನಲ್ಲಿ ಹೋಗುವ ಯೋಚನೆಯಿದೆ. ದಯವಿಟ್ಟು ತಿಳಿಸಿ: ಒಂದೇ ಭಾನುವಾರ ಎರಡನ್ನೂ ನೋಡಬಹುದೇ? ಬೇರೆ ಏನನ್ನು ಗಮನದಲ್ಲಿಟ್ಟುಕೊಳ್ಳಬೇಕು?

ಒಳಗೆ ಹೋದವರಲ್ಲೊಬ್ಬ

ಒಂದೇ ದಿನ ಎರಡನ್ನೂ ನೋಡಲಾಗದು. ಒಂದು ಮ್ಯೂನಿಕ್‌ನ ನೈಋತ್ಯಕ್ಕೆ ಆಲ್ಪ್ಸ್ ತಪ್ಪಲಿನಲ್ಲಿದೆ, ಇನ್ನೊಂದು ಪೂರ್ವಕ್ಕೆ ಆಸ್ಟ್ರಿಯಾ ಗಡಿಯಲ್ಲಿದೆ. ದಿನವೆಲ್ಲ ರೈಲಿನಲ್ಲೇ ಕಳೆದುಹೋಗುತ್ತದೆ. ಡಿಸೆಂಬರ್‌ನಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಮರಿಯೆನ್ ಸೇತುವೆಯನ್ನು ಮುಚ್ಚುತ್ತಾರೆ, ಹಾಗಾಗಿ ಚಿತ್ರದ ಆಸೆಯಿದ್ದರೆ ಏಪ್ರಿಲ್‌ವರೆಗೆ ಕಾಯುವುದು ಮೇಲು. ಪ್ರವೇಶದ ಸಮಯವನ್ನು ಮೊದಲೇ ಕಾಯ್ದಿರಿಸಿ, ಸೇತುವೆಯನ್ನು ಒಳಗೆ ಹೋಗಿ ಬಂದ ಮೇಲೆ ನೋಡಿ. ಸೇತುವೆಯವರು ಇದಕ್ಕೆ ಸಾಕ್ಷಿ.

ಲೆಕ್ಕ ಬರೆದವನು

ಟಿಕೆಟ್‌ನ ವಿಷಯ ನನ್ನದು. ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ಬಯರ್ನ್ ಟಿಕೆಟ್ ಮಧ್ಯರಾತ್ರಿಯಿಂದಲೇ ಚಾಲ್ತಿಯಲ್ಲಿರುತ್ತದೆ, ವಾರದ ದಿನಗಳಲ್ಲಿ ಬೆಳಿಗ್ಗೆ 9ರಿಂದ. ಎರಡಕ್ಕೂ ಮರುದಿನ ನಸುಕಿನ 3ರವರೆಗೆ ಅವಧಿ. ಮ್ಯೂನಿಕ್ ನಗರದೊಳಗಿನ ಮೆಟ್ರೋ, ಟ್ರಾಮ್, ಬಸ್ಸುಗಳಿಗೂ ಅದೇ ಸಾಕು, ಆದರೆ ವೇಗದ ದೂರಪ್ರಯಾಣದ ರೈಲುಗಳನ್ನು ಹತ್ತಬೇಡಿ. ಏಳು ಜನರಿಗೆ ಐದು ಮತ್ತು ಎರಡು ಎಂದು ಹಂಚಿಕೊಂಡರೆ ಎರಡೂ ಟಿಕೆಟ್‌ಗಳ ಒಟ್ಟು ಬೆಲೆಯನ್ನು ಏಳರಿಂದ ಭಾಗಿಸಿ, ಇಲ್ಲವಾದರೆ ಇಬ್ಬರ ಗುಂಪಿನವರ ತಲೆಗೆ ಹೆಚ್ಚು ಬೀಳುತ್ತದೆ.

ಎಲ್ಲರೂ ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಿ. ಗಡಿ ತೆರೆದಿದೆ ಎಂದು ಪುಸ್ತಕದಲ್ಲಿದ್ದರೂ ಜರ್ಮನಿ 2015ರಿಂದ ಆಸ್ಟ್ರಿಯಾ ಗಡಿಯಲ್ಲಿ ತಪಾಸಣೆ ನಡೆಸುತ್ತಿದೆ. ನಮ್ಮ ರೈಲು ಫ್ರೈಲಾಸಿಂಗ್‌ನಲ್ಲಿ ನಿಂತಾಗ ಪೊಲೀಸರು ಹತ್ತಿ ಪ್ರತಿಯೊಬ್ಬರ ಪಾಸ್‌ಪೋರ್ಟನ್ನೂ ನೋಡಿದರು. ನಮ್ಮಲ್ಲೊಬ್ಬನ ಪಾಸ್‌ಪೋರ್ಟ್ ಮೂರು ಚೀಲಗಳ ತಳದಲ್ಲಿತ್ತು. ಇನ್ನು ಭಾನುವಾರ ಬವೇರಿಯಾದಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಬ್ರೆಡ್ಡು-ನೀರನ್ನು ಶನಿವಾರ ರಾತ್ರಿ 8ರೊಳಗೆ ಕೊಂಡಿಟ್ಟುಕೊಳ್ಳಿ. ಕೋಟೆಗೆ ಹೋಗದೆ ನಗರದಲ್ಲೇ ಉಳಿಯುವವರಿದ್ದರೆ ಆಲ್ಟೆ ಪಿನಕೊಥೆಕ್ ಚಿತ್ರಶಾಲೆಗೆ ಭಾನುವಾರ ಒಂದೇ ಯೂರೋ ಪ್ರವೇಶ ಶುಲ್ಕ.

ಸೇತುವೆಯ ಮೇಲೆ ನಿಂತವಳು

ಸಾಕ್ಷಿ ಹೇಳುತ್ತೇನೆ, ಹನ್ನೆರಡು ನಿಮಿಷ. ಮುಂದಿನ ತಿಂಗಳು ಎರಡು ಗುಂಪುಗಳೂ ಟಿಕೆಟ್ ಅದಲು ಬದಲು ಮಾಡಿಕೊಂಡು ಹೋಗುವುದೆಂದು ಅಡುಗೆಮನೆಯಲ್ಲಿ ತೀರ್ಮಾನವಾಗಿದೆ. ನಾನು ಬುರ್ಗ್‌ಹೌಸನ್‌ಗೆ. ಆ ಟವೆಲ್ ಇನ್ನೂ ಅಲ್ಲಿಯೇ ಇದ್ದರೆ ಚಿತ್ರ ಹಾಕುತ್ತೇನೆ.